ಒಂಬತ್ತು ನೀರು

ಕೌಲ್‌ಬಜಾರಿನ ಈ ಮಹಡಿ ಕೋಣೆ ಕೊಡುವ ಮುಂಚೆ
ಜೈತುನ್‌ಬಿ ಕೇಳಿದ್ದು ಎರಡೇ ಪ್ರಶ್ನೆ:
ಮಾಂಸ ಬೇಯಿಸಿದರೆ ನಿನಗೆ ತ್ರಾಸಿಲ್ಲಲ್ಲ?
ಎಷ್ಟು ದಿವಸ ಇರ್ತೀ?
ಮೊದಲನೆಯದಕ್ಕೆ ನಕ್ಕೆ. ಕಾರವಾರದವಳು ನಾನು,
ಮೀನಿನ ವಾಸನೆಯಿಲ್ಲದ ಅಡುಗೆಮನೆ ಕಂಡರೆ
ಇಲ್ಲಿ ಯಾರಿಗೋ ಹುಷಾರಿಲ್ಲ ಅಂದುಕೊಳ್ಳುವವಳು.
ಎರಡನೆಯದಕ್ಕೆ ಪತ್ರ ತೋರಿಸಿದೆ:
ವಿಶ್ವವಿದ್ಯಾಲಯದ ಮೊಹರು,
ಫೆಬ್ರವರಿ ಹತ್ತರಿಂದ ಮೇ ಹತ್ತು.
ಅವಳು ಓದಲಿಲ್ಲ. ಬೆರಳು ಮಡಚುತ್ತ ಹೋದಳು.
"ಒಂಬತ್ತು ನೀರು," ಅಂದಳು.

ನಲ್ಲಿ ಬರುವುದು ಹತ್ತು ದಿನಕ್ಕೊಮ್ಮೆ,
ಅದೂ ಹೇಳಿದ ಹೊತ್ತಿಗಲ್ಲ.
ಬಾಡಿಗೆ, ಬಾಣಂತನ, ಚೀಟಿಯ ಕಂತು
ಈ ಓಣಿಯಲ್ಲಿ ಎಲ್ಲ ನೀರಿನ ಲೆಕ್ಕ.

ಮೂರು ತಿಂಗಳಿಗೆ ಏನೇನು ಕೊಳ್ಳಬೇಕು?
ಬಕೀಟು, ಸರಿ. ಚಾಪೆ, ಸರಿ.
ಒಂದು ತಟ್ಟೆ, ಎರಡು ಲೋಟ. ಎರಡನೆಯದು ಯಾರಿಗೋ.
ಲಟ್ಟಣಿಗೆ ಎತ್ತಿಕೊಂಡು, ತೂಗಿ ನೋಡಿ, ಮತ್ತೆ ಇಟ್ಟೆ.
ಔಷಧಿ ಅಂಗಡಿಯ ಕ್ಯಾಲೆಂಡರು ಪುಕ್ಕಟೆ ಸಿಕ್ಕಿತು,
ಗೋಡೆಯಲ್ಲಿ ಮೊಳೆ ಇರಲಿಲ್ಲ,
ಸುರುಳಿಯಾಗಿಯೇ ಮೂಲೆಗೆ ನಿಂತಿತು.
ಡ್ರಮ್ಮಿಲ್ಲದೆ ಮಾತ್ರ ಆಗೋದಿಲ್ಲ ಮೇಡಂ ಎಂದು
ಕೆಳಗೆ ಜೀನ್ಸ್ ಹೊಲಿಯುವ ಗಾದಿಲಿಂಗ
ಬಣ್ಣ ತೊಳೆಯುವ ಘಟಕದಿಂದ ಹಳೆಯದೊಂದು ಉರುಳಿಸಿ ತಂದ.
ನಾಲ್ಕು ಸಲ ತಿಕ್ಕಿದರೂ
ಮೊದಲ ನೀರು ತಿಳಿನೀಲಿ.
ಅದರಲ್ಲಿ ಒಗೆದ ಬಿಳಿ ದುಪಟ್ಟಾ ಇವತ್ತಿಗೂ
ಒಂದು ಅಂಚಿನಲ್ಲಿ ನಮ್ಮೂರ ಕಡಲಿನ ಕಡೆಗಿದೆ.

ಬೆಳಿಗ್ಗೆ ಆರಕ್ಕೆ ಒಗ್ಗರಣೆ ಮಿರ್ಚಿ ಕಟ್ಟಿಸಿಕೊಂಡು
ಕುಡತಿನಿ ಬಸ್ಸು. ಕಂಡಕ್ಟರು ತೆಲುಗಿನಲ್ಲಿ ಕೇಳಿ
ಕನ್ನಡದಲ್ಲಿ ಚಿಲ್ಲರೆ ಬಾಕಿ ಇಡುತ್ತಾನೆ.
ರಸ್ತೆ ಬದಿಯ ಬೂದಿದಿಬ್ಬ ನನ್ನ ಕೆಲಸ.
ರಕ್ಕಸನನ್ನು ಸುಟ್ಟ ಜಾಗ ಅನ್ನುತ್ತಾರೆ ಕೆಲವರು.
ಸಗಣಿ ಅನ್ನುತ್ತೇವೆ ನಾವು.
ಸಾವಿರಾರು ವರ್ಷದ ಹಿಂದೆ
ದನ ಹೊಡೆದುಕೊಂಡು ಬಂದವರು
ಕೂಡಿಹಾಕಿದರು, ಸುಟ್ಟರು, ಹೋದರು.
ಮತ್ತೆ ಬಂದರು, ಮತ್ತೆ ಸುಟ್ಟರು.
ಒಂದು ಪದರ ಬಿಳಿ, ಒಂದು ಬೂದು,
ಒಂದು ಕಡೆ ಗಾಜಿನ ಹಾಗೆ ಕರಗಿ ಕಲ್ಲಾದದ್ದು.
ಚಮಚದಷ್ಟು ಕೆರೆದು ಪೊಟ್ಟಣ ಕಟ್ಟುತ್ತೇನೆ,
ಚೀಟಿಯ ಮೇಲೆ ಆಳ, ತಾರೀಖು, ಸಂಖ್ಯೆ.
ಒಳಗಿರುವುದು ಜೈತುನ್‌ಬಿಯ ಪ್ರಶ್ನೆಯೇ:
ಎಷ್ಟು ದಿವಸ ಇದ್ದಿರಿ?

ಲಾರಿಗಳು ಅದಿರಿನ ಕೆಂಪು ಉದುರಿಸಿಕೊಂಡು ಹೋಗುತ್ತವೆ.
ಬೂದಿಯ ಮೇಲಿನ ಆ ದೂಳನ್ನು
ಕುಂಚದಿಂದ ಸರಿಸಿಯೇ ಕೆರೆಯಬೇಕು, ಅದು ನಿಯಮ.
ಒಂದು ದಿನ ಅದನ್ನೂ ಪೊಟ್ಟಣ ಕಟ್ಟಿದೆ.
ಯಾಕೆಂದು ಗೊತ್ತಿಲ್ಲ. ಚೀಟಿ ಹಚ್ಚಲಿಲ್ಲ.

ಮೊದಲ ವಾರ ನಿದ್ದೆ ಇಲ್ಲ.
ಕೆಳಗೆ ಹನ್ನೆರಡು ಹೊಲಿಗೆ ಮಿಷನ್ನು, ನಡುರಾತ್ರಿಯ ತನಕ.
ಅಲೆಯ ಸದ್ದು ಅಂದುಕೊಂಡರೆ ಆದೀತೇನೋ ಎಂದು ನೋಡಿದೆ.
ಆಗಲಿಲ್ಲ. ಮಿಷನ್ನು ಮಿಷನ್ನೇ.
ಈಗ ಕರೆಂಟು ಹೋಗಿ ಅವು ನಿಂತರೆ ಎಚ್ಚರವಾಗುತ್ತದೆ.

"ಹೊಂದಿಕೊಂಡೆಯಾ?" ಅಮ್ಮ ಫೋನಿನಲ್ಲಿ.
ಏನು ಹೇಳಲಿ. ಆರನೆಯ ನೀರು ಬಂದದ್ದು
ಏಪ್ರಿಲ್ಲಿನ ಒಂದು ರಾತ್ರಿ ಎರಡೂವರೆಗೆ.
ಬಂಡೆ ಇನ್ನೂ ಹಗಲಿನ ಕಾವು ಬಿಡುತ್ತಿತ್ತು.
ಓಣಿಗೆ ಓಣಿಯೇ ನೈಟಿಯಲ್ಲಿ, ಲುಂಗಿಯಲ್ಲಿ,
ಕೊಡ, ಕ್ಯಾನು, ಮಗುವಿನ ಸ್ನಾನದ ತೊಟ್ಟಿ.
ಕತ್ತಲೆಯಿಂದ ಯಾರೋ ಗದರಿದರು:
"ಏ ನೀಲಿ ಡ್ರಮ್ಮಿನಾಕೀ, ಪೈಪ್ ತುಳಿಬ್ಯಾಡ!"

ಇಷ್ಟು ದಿನ ಮೇಡಂ ಆಗಿದ್ದೆ.
ಕಾಲು ತೆಗೆದೆ.
ಕತ್ತಲಲ್ಲಿ ಒಬ್ಬಳೇ ನಕ್ಕದ್ದು
ಅಮ್ಮನಿಗೆ ಹೇಳಲಿಲ್ಲ. "ಹೂಂ" ಅಂದೆ ಅಷ್ಟೆ.

ಉಳಿದದ್ದು ಮೂರು ನೀರು.
ನಿನ್ನೆ ಎರಡು ರೂಪಾಯಿಗೆ ಮೊಳೆ ಕೊಂಡೆ.
ಕ್ಯಾಲೆಂಡರು ಬಿಚ್ಚಿದರೆ ಮೇಲಿನ ಹಾಳೆ ಇನ್ನೂ ಜನವರಿ,
ಹರಿಯಲು ಮನಸ್ಸಾಗಲಿಲ್ಲ.
ಎರಡು ಪೆಟ್ಟು ಹಾಕಿದ್ದೇನೋ ಇಲ್ಲವೋ
ಕೆಳಗಿಂದ ಜೈತುನ್‌ಬಿಯ ದನಿ:
"ಮೆಲ್ಲಗೆ ಹೊಡಿ ಬೇಟಿ,
ಗೋಡೆ ಹಳೇದೈತೆ."