ಸೊನ್ನೆ ಬೇಡ ಅಂದಳು ಲಮ್ಜಿರಾ

ಕುತೈಸಿಯಲ್ಲಿ, ರಿಯೋನಿ ಹೊಳೆಯ ಸೇತುವೆಗೆ ಬೆನ್ನು ಹಾಕಿ,
ಹಿಂದೆ ಗುಂಡಿ, ಜಿಪ್ಪು ಹೊಲಿಯುತ್ತಿದ್ದ ಗೂಡಿನಲ್ಲಿ
ನನ್ನ ಅಂಗಡಿ. ಬರುವವರದೆಲ್ಲ ಒಂದೇ ರಾಗ:
ಕಳೆದುಹೋಯಿತು, ಹುಡುಕಿಕೊಡು.
ಆಕೆಯೊಬ್ಬಳೇ ಬಂದದ್ದು,
ಇದೆ, ಕಳೆದುಕೊಡು ಎಂದು.

ಔಷಧದಂಗಡಿಯ ಲಮ್ಜಿರಾ. ಇಪ್ಪತ್ತೆರಡು ವರ್ಷ
ಗಲ್ಲಾದ ಹಿಂದೆ ನಿಂತೂ ನಿಂತೂ
ಮೊಣಕಾಲು ಸೋತು ಬಾಗಿಲು ಹಾಕಿದ್ದಾಳೆ.
ಕಂಪ್ಯೂಟರಿನ ಡಿಸ್ಕನ್ನು
ಬಿಸಿ ರೊಟ್ಟಿಯ ಹಾಗೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಾಳೆ.

"ಯಾರು ಯಾವ ಮಾತ್ರೆ ಕೊಂಡರು, ಎಷ್ಟು ರಾತ್ರಿಗೆ,
ಯಾರು ಗಂಡನಿಗೆ ಗೊತ್ತಿಲ್ಲದೆ, ಯಾರು ತಾಯಿಗೆ ಗೊತ್ತಿಲ್ಲದೆ,
ಎಲ್ಲ ಇದರ ಹೊಟ್ಟೆಯಲ್ಲಿದೆ. ನನ್ನ ಹೊಟ್ಟೆಯದು
ನನ್ನ ಜೊತೆ ಮಣ್ಣಿಗೆ ಹೋಗುತ್ತದೆ.
ಇದರದ್ದು?"
ಅಳಿಸಿದ್ದೀನಿ, ಎಂದಳು. ಕಸದಬುಟ್ಟಿಯನ್ನೂ ಖಾಲಿ ಮಾಡಿದ್ದೀನಿ.

ತಂತಿ ಸಿಕ್ಕಿಸಿದೆ. ಹನ್ನೊಂದು ನಿಮಿಷ.
ಪರದೆಯ ಮೇಲೆ ಊರಿಗೆ ಊರೇ ಸಾಲಾಗಿ ಎದ್ದು ನಿಂತಿತು,
ಕೆಮ್ಮುತ್ತ, ಕೆರೆದುಕೊಳ್ಳುತ್ತ.
ಆಕೆ ಥಟ್ಟನೆ ಅಂಗೈ ಅಡ್ಡ ಹಿಡಿದಳು,
ನನ್ನ ಕಣ್ಣಿಗಲ್ಲ, ಪರದೆಗೆ.

ಅಳಿಸುವುದೆಂದರೆ, ಕಲ್ಬಾತೊನೊ ಲಮ್ಜಿರಾ,
ಬಾಗಿಲ ಮೇಲಿನ ಹೆಸರಿನ ಹಲಗೆ ಕಿತ್ತದ್ದು, ಅಷ್ಟೇ.
ಒಳಗಿನವರು ಒಳಗೇ ಇದ್ದಾರೆ, ದೀಪ ಆರಿಸಿ ಕೂತು.
ಈ ಮನೆ ಬಾಡಿಗೆಗಿದೆ ಎಂದು ಯಂತ್ರ ಬರೆದುಕೊಳ್ಳುತ್ತದೆ,
ಹೊಸಬರು ಬಂದು ಮಂಚ ಹಾಕುವ ತನಕ
ಹಳಬರು ಕದಲುವುದಿಲ್ಲ.

"ಹಾಗಾದರೆ ಹೊಸಬರನ್ನು ತುಂಬು."
ತುಂಬೋಣ. ಮೊದಲ ಮನೆಯಿಂದ ಕೊನೆಯ ಮನೆಗೆ ಸೊನ್ನೆ.
"ಬರೀ ಸೊನ್ನೆಯೇ?"
ಪದ್ಧತಿ ಅದು.
ಮುಖ ಕಿವುಚಿದಳು. "ಇಷ್ಟು ಜನವನ್ನು ಎಬ್ಬಿಸಿ ಕಳಿಸಿ
ಅಲ್ಲಿ ಯಾರೂ ಇರಲೇ ಇಲ್ಲ ಅನ್ನಿಸುವುದೇ?
ಏನಾದರೂ ಬರಿ."
ಏನು ಬರೆಯಲಿ?

ಬಹಳ ಹೊತ್ತು ಯೋಚಿಸಿದಳು. ಕೆಟಲು ಕುದಿದು ಆರಿತು.
ಆಮೇಲೆ ಆಕೆ ಹೇಳಿದಳು, ನಾನು ಬರೆದುಕೊಂಡೆ:

ಹುಳಿ ಪ್ಲಮ್ ಎರಡು ಕಿಲೋ, ಹಸಿರು, ಗಟ್ಟಿಯಿರಲಿ.
ನೀರು ಮುಳುಗುವಷ್ಟು ಬೇಡ.
ಸಿಪ್ಪೆ ಬಿರಿದಾಗ ಇಳಿಸು, ಜರಡಿಯ ಮೇಲೆ ಕಿವುಚು.
ಬೆಳ್ಳುಳ್ಳಿ, ಕೊತ್ತಂಬರಿ, ಸಬ್ಬಸಿಗೆ,
ಹೊಳೆದಂಡೆಯ ಕಾಡುಪುದೀನ.
ಉಪ್ಪು ಕೊನೆಗೆ. ನೆಕ್ಕಿದವರ ಒಂದು ಕಣ್ಣು
ತಾನೇ ಮುಚ್ಚಬೇಕು, ಅಷ್ಟು ಹುಳಿ.

ಅದನ್ನೇ ಬರೆದೆ. ಅದರ ಕೆಳಗೂ ಅದನ್ನೇ.
ರಾತ್ರಿಯಿಡೀ ಡಿಸ್ಕು ಗುರುಗುಟ್ಟಿತು.
ರಕ್ತದೊತ್ತಡದ ಮೇಲೆ ಬೆಳ್ಳುಳ್ಳಿ,
ಬಸಿರು ನೋಡುವ ಪಟ್ಟಿಯ ಮೇಲೆ ಸಬ್ಬಸಿಗೆ,
ನಿದ್ದೆ ಮಾತ್ರೆಯ ಮೇಲೆ, ಕೈ ನಡುಗುವವನ ಹನಿಗಳ ಮೇಲೆ
ಎರಡು ಕಿಲೋ, ಎರಡು ಕಿಲೋ, ಎರಡು ಕಿಲೋ.
ಬೆಳಿಗ್ಗೆ ಬಂದು, ಕನ್ನಡಕ ಏರಿಸಿ, ಪರದೆಯುದ್ದಕ್ಕೂ ಓದಿ
"ಕೊತ್ತಂಬರಿ ಎಷ್ಟೆಂದು ಹೇಳಲೇ ಇಲ್ಲವಲ್ಲ" ಎಂದಳು.

ಡಿಸ್ಕು ಮಾರಿದೆ. ಚಳಿಗಾಲದಲ್ಲಿ ಅದು ವಾಪಸು ಬಂತು
ಮದುವೆಯ ಫೋಟೋ ತೆಗೆಯುವ ಬಾದ್ರಿಯ ಜೇಬಿನಲ್ಲಿ.
ಕೈತಪ್ಪಿ ಅಳಿಸಿಬಿಟ್ಟೆ, ಇಡೀ ದಿಬ್ಬಣ, ಹುಡುಕಿಕೊಡು.
ಮದುಮಗಳು ಸಿಕ್ಕಳು. ಅರ್ಧ ಕೇಕು ಸಿಕ್ಕಿತು.
ಅಲ್ಲಿಂದ ಕೆಳಗೆ ಪ್ಲಮ್, ಪ್ಲಮ್, ಪ್ಲಮ್.
ಬಾದ್ರಿ ತಲೆ ಕೆರೆದುಕೊಂಡ. ಬರೆದುಕೊಂಡೂ ಹೋದ,
ಡಿಸ್ಕನ್ನು ನನಗೇ ಬಿಟ್ಟು.

ಆಮೇಲೆ ಕಂಡದ್ದು ಇದು:
ಯಂತ್ರ ಎಂದೋ ಕೆಟ್ಟ ಜಾಗವೆಂದು ಗುರುತು ಹಾಕಿ
ಕೈಬಿಟ್ಟ ಒಂದು ಮೂಲೆ. ಎಷ್ಟು ಬರೆದರೂ
ಬರೆಯುವ ಮುಳ್ಳು ಅದನ್ನು ದಾಟಿಯೇ ಹೋಗುತ್ತದೆ.
ಅಲ್ಲಿ ಒಂದೂವರೆ ಸಾಲು ಉಳಿದಿತ್ತು:
…ಅದ್ಜೆ. ಮಗುವಿಗೆ ಜ್ವರ.
ಹಣ ತೆಗೆದುಕೊಂಡಿಲ್ಲ.

ಹೆಸರಿನ ಬಾಲ ಮಾತ್ರ. ಈ ಊರಿನಲ್ಲಿ
ಅರ್ಧ ಮಂದಿಯ ಹೆಸರು ಆ ಬಾಲದಲ್ಲೇ ಮುಗಿಯುತ್ತದೆ,
ನನ್ನದೂ.

ತಾರೀಖು ಓದಲಾಗಲಿಲ್ಲ.
ಲಮ್ಜಿರಾಳನ್ನೇ ಕೇಳಬಹುದು, ಸೇತುವೆ ದಾಟಿದರೆ ಮನೆ.
ಕೇಳಿದರೆ, ಉಳಿದಿದೆ ಎಂದು ಹೇಳಬೇಕಾಗುತ್ತದೆ.
ಸುತ್ತಿಗೆ ಮೇಜಿನ ಮೇಲಿದೆ.
ಕೆಟಲು ಇಟ್ಟಿದ್ದೇನೆ.