ಕ್ರಿಯಾಪದ ಬರುವ ಮುನ್ನ

ಲೈಡನ್ನಿನ ಕಾಲುವೆ ಪಕ್ಕದ ಹಳೇ ವಿಶ್ವವಿದ್ಯಾಲಯದಲ್ಲಿ
ನಾನು ಕೋಲಿನವನು.
ಕಪ್ಪು ನಿಲುವಂಗಿ, ಕೈಯಲ್ಲಿ ಬೆಳ್ಳಿ ಕಟ್ಟಿದ ದಂಡ.
ಪಂಡಿತರು ಸಾಲಾಗಿ ಬರುವಾಗ ಮುಂದೆ ನಡೆಯುವುದು,
ಅವರು ಕೂತ ಮೇಲೆ ಬಾಗಿಲು ಹಾಕುವುದು,
ನಲವತ್ತೈದು ನಿಮಿಷ ಕಳೆದದ್ದೇ ನೆಲಕ್ಕೆ ಕುಟ್ಟಿ
"ಹೋರಾ ಎಸ್ಟ್" ಅನ್ನುವುದು:
ಹೊತ್ತಾಯಿತು.
ನನಗೆ ಬರುವ ಲ್ಯಾಟಿನ್ ಅಷ್ಟೇ. ಸಂಬಳಕ್ಕೆ ಸಾಕು.

ಕುಟ್ಟಿದ ಮೇಲೆ ಯಾರೂ ಮಾತಾಡುವಂತಿಲ್ಲ.
ಎಷ್ಟೋ ಜನರಿಗೆ ಅದು ಹೋದ ಜೀವ ಬಂದ ಹಾಗೆ.
ಉತ್ತರ ತಿಳಿಯದೆ ತಡವರಿಸುವವನು
ನನ್ನ ಕೋಲನ್ನೇ ನೋಡುತ್ತಿರುತ್ತಾನೆ.

ಯೆಲ್ತ್ಯೆ ವಿಯಾರ್ಡಾ ನೋಡಲಿಲ್ಲ.

ಎಂಬತ್ತೇಳರ ಮಾರ್ಚಿ, ಹೊರಗೆ ಆಲಿಕಲ್ಲು.
ನಾನಾಗ ಕೆಲಸಕ್ಕೆ ಹೊಸಬ, ಗಡಿಯಾರದ ಭಕ್ತ.
ಬೆವರುಕೋಣೆ ಅನ್ನುತ್ತೇವೆ ಸರದಿ ಕಾಯುವ ಆ ಗೂಡಿಗೆ,
ಗೋಡೆ ತುಂಬ ಹಿಂದಿನವರ ರುಜು;
ಅಲ್ಲಿ ಬೂಟು ಕಳಚಿ, ತೊಯ್ದ ಕಾಲುಚೀಲ
ರೇಡಿಯೇಟರಿನ ಮೇಲೆ ಹರವಿ ಕೂತಿದ್ದಳು,
ಫ್ರೀಸ್‌ಲ್ಯಾಂಡಿನ ಹಾಲಿನವರ ಮಗಳು.
ಅವಳ ಪ್ರಬಂಧ: ಬಲವಂತದ ಕಣ್ಮರೆ,
ಅಂತಾರಾಷ್ಟ್ರೀಯ ಕಾನೂನಿನಲ್ಲಿ ಅದರ ಅವಧಿ.

ಮೂರನೇ ಸಾಲಿನಲ್ಲಿ ಒಬ್ಬಾಕೆ,
ಕಂಕುಳಲ್ಲಿ ಥರ್ಮಾಸು, ಕೈಯಲ್ಲಿ ಸೋರೆಬುರುಡೆಯ ಲೋಟ.
ಮೊಂಟೆವಿಡಿಯೊದವರು, ಈಗ ರೊಟರ್‌ಡ್ಯಾಮಿನಲ್ಲಂತೆ,
ಒಫೇಲಿಯಾ ಲಾರಾಲ್ದೆ.
"ಇಲ್ಲಿ ಏನೂ ಕುಡಿಯುವಂತಿಲ್ಲ, ಅಮ್ಮ" ಅಂದೆ.
ಎರಡನ್ನೂ ಕೆಳಗಿಟ್ಟರು.
ಮಡಿಲಲ್ಲಿ ಉಳಿದದ್ದು ಒಂದು ಫೋಟೊ.
ಹುಡುಗನಿಗೆ ಕಿವಿ ದೊಡ್ಡದು.
ಅದನ್ನೂ ಕೆಳಗಿಡಿ ಅನ್ನಲು ನಿಯಮವಿರಲಿಲ್ಲ.

ಕೊನೆಯ ಪ್ರಶ್ನೆ, ದಪ್ಪ ಕನ್ನಡಕದವರದು:
"ಕೊಲೆಗೆ ಒಂದು ತಾರೀಖಿದೆ, ಕಳವಿಗೂ ಇದೆ.
ನಿಮ್ಮ ಈ ಅಪರಾಧ ಮುಗಿಯುವುದು ಯಾವತ್ತು?"

"ತಾವು ಒಯ್ದ ಮನುಷ್ಯ ಎಲ್ಲಿದ್ದಾನೆಂದು
ಒಯ್ದವರು ಹೇಳುವವರೆಗೆ, ಅದು ದಿನವೂ,
ಇವತ್ತೂ, ನಾವಿಲ್ಲಿ ಕೂತಿರುವ ಈ ಹೊತ್ತಿನಲ್ಲೂ—"

ಕುಟ್ಟಿದೆ.
ಹೊತ್ತಾಯಿತು.

ಕ್ರಿಯಾಪದ ಇನ್ನೂ ಬಂದಿರಲಿಲ್ಲ.
ಅವಳ ಬಾಯಿ ತೆರೆದೇ ಇತ್ತು.
ಮೂರನೇ ಸಾಲಿನಾಕೆ ನನ್ನತ್ತ ತಿರುಗಿದರು. ಸಿಟ್ಟಲ್ಲ.
ಅಂಗಡಿಯವನು ಚಿಲ್ಲರೆ ಕೊಡಲು ಮರೆತಾಗ
ನೋಡುತ್ತಾರಲ್ಲ, ಹಾಗೆ.

ಆಮೇಲೆ ಅವಳು ಇಲ್ಲೇ ಪಾಠಕ್ಕೆ ನಿಂತಳು, ಪ್ರೊಫೆಸರಾದಳು.
ಜಿನೀವಾದ ಕಿಟಕಿಯಿಲ್ಲದ ಕೋಣೆಗಳಲ್ಲಿ
ಒಂದು ಅಲ್ಪವಿರಾಮಕ್ಕೆ ಮೂರು ದಿನ ಕಿತ್ತಾಡಿ
ರಾತ್ರಿ ರೈಲಿಗೆ ಬಂದಿಳಿಯುವಳು.
"ಏನು ಸಿಕ್ಕಿತು?" ಅಂದರೆ
"'ಸಾಧ್ಯವಾದಷ್ಟು' ಅನ್ನುವ ಪದ ಕಿತ್ತುಹಾಕಿಸಿದೆ" ಅನ್ನುವಳು
ದೊಡ್ಡ ಮೀನು ಹಿಡಿದವಳ ಮುಖದಲ್ಲಿ.
ಅವಳ ಹನ್ನೊಂದು ಶಿಷ್ಯರಿಗೂ ನಾನೇ ಕುಟ್ಟಿದೆ.
ಒಬ್ಬಳಿಗೆ ಮಾತ್ರ ಎರಡು ನಿಮಿಷ ತಡವಾಗಿ.
ಗಡಿಯಾರ ನಿಂತಿತ್ತು ಅಂತ ರೆಕ್ಟರಿಗೆ ಸುಳ್ಳು ಹೇಳಿದೆ.

ಒಫೇಲಿಯಾ ಪ್ರತಿಸಲ ಬಂದರು.
ಥರ್ಮಾಸಿನ ಮಾತು ನಾನು ಎತ್ತುವುದು ಬಿಟ್ಟೆ.
ಒಂದು ವರ್ಷ ಬರಲಿಲ್ಲ.
ಫೋಟೊ ಈಗ ಯೆಲ್ತ್ಯೆಯ ಕೋಣೆಯಲ್ಲಿದೆ,
ಒಪ್ಪಂದಗಳ ಸಂಪುಟಗಳಿಗೆ ಒರಗಿ.
ಹುಡುಗನಿಗೆ ಇನ್ನೂ ಇಪ್ಪತ್ತೆರಡು.

ಕಳೆದ ಶುಕ್ರವಾರ ಅವಳ ವಿದಾಯದ ಉಪನ್ಯಾಸ.
ಇಲ್ಲಿ ಉಪನ್ಯಾಸ ಮುಗಿಸುವವರು
"ನಾನು ಹೇಳಿಯಾಯಿತು" ಅನ್ನಬೇಕು, ಹಳೇ ರೂಢಿ.
ಅದು ಕಿವಿಗೆ ಬಿದ್ದ ಮೇಲೇ ನಾನು ಏಳುವುದು,
ಪಂಡಿತರ ಸಾಲು ಹೊರಡುವುದು.

ಕೊನೆಯ ಹಾಳೆ ಮಡಚಿದಳು.
ನೀರು ಕುಡಿದಳು.
ಮೂರನೇ ಸಾಲಿನಲ್ಲಿ ಯಾರೋ ಕೋಟು ಇಟ್ಟಿದ್ದ
ಕುರ್ಚಿಯ ಕಡೆ ನೋಡಿ, ಮೆಲ್ಲಗೆ,
"ನಡೆಯುತ್ತಿದೆ" ಅಂದಳು.

ಜನ ಕಾದರು, ಮುಂದೇನೋ ಬರುತ್ತದೆಂದು.
ಒಬ್ಬರು ಕೆಮ್ಮಿದರು.
ಅವಳು ಟೋಪಿ ತೆಗೆದುಕೊಂಡು ಮೆಟ್ಟಿಲಿಳಿದಳು.

ರೆಕ್ಟರ್ ನನ್ನ ಮುಖ ನೋಡಿದರು:
ಮುಗಿಯಿತೋ, ಇಲ್ಲವೋ?
ನಾನೆದ್ದೆ. ಕೋಲನ್ನು
ನೆಲಕ್ಕೆ ತಾಗದಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದು
ಬಾಗಿಲವರೆಗೆ ಅವಳ ಮುಂದೆ ನಡೆದೆ.