ಟಿಪ್ಪಣಿಯ ಬಣ್ಣ

ದೆಬ್ರೆಟ್ಸೆನ್ ಟ್ರಾಮ್ ಡಿಪೋ, ರಾತ್ರಿ ಪಾಳಿ.
ಬೆಂದೆಗೂಜ್ ಹೊಸ ಥೀಮ್ ಹಾಕಿಕೊಂಡಿದ್ದಾನೆ:
ಕಡುಗಪ್ಪು ನೆಲ, ಆಜ್ಞೆಗೆ ನೇರಳೆ,
ಅಂಕಿಗೆ ಕಿತ್ತಳೆ. ಟಿಪ್ಪಣಿಗೆ ಮಾತ್ರ ಬೂದು,
ಕಪ್ಪಿನಿಂದ ಕೂದಲೆಳೆಯಷ್ಟು ಈಚೆ.
ಯಂತ್ರವೇ ಓದದ್ದನ್ನು
ಮನುಷ್ಯನಿಗೇಕೆ ತೋರಿಸಬೇಕು?

ನಲವತ್ತೊಂದನೇ ಸಾಲು ಅಳಿಸಿದ.
ನಸುಕಿಗೆ ಎರಡು ಟ್ರಾಮು
ಒಂದೇ ಹಳಿಯಲ್ಲಿ ಮುಖಾಮುಖಿ ನಿಂತು
ಗಂಟೆ ಬಾರಿಸಿದವು, ನೀ ಸರಿ, ನೀ ಸರಿ ಎಂದು.

ನಿವೃತ್ತಳಾದ ಪಿರೋಶ್ಕಾ ಫೋನಿನಲ್ಲಿ ಆಕಳಿಸಿದಳು:
"ಅಲ್ಲೇ ಬರೆದಿದ್ದೆನಲ್ಲೋ, ಮಾರಾಯ."

ಬಿಳಿ ಥೀಮಿಗೆ ತಿರುಗಿಸಿದ. ಕಣ್ಣು ಕುಕ್ಕಿತು.
ಇತ್ತು, ನಲವತ್ತರಲ್ಲಿ, ಹನ್ನೊಂದು ವರ್ಷದಿಂದ:
"ಕೆಳಗಿನ ಸಾಲು ಮುಟ್ಟಬೇಡ.
ಯಾಕೆಂದು ನನಗೂ ಪೂರ್ತಿ ತಿಳಿಯದು."

ಮತ್ತೆ ಕಪ್ಪಿಗೇ ಮರಳಿದ, ಕಣ್ಣು ಪಾಪ ಅವನದೇ.
ಬೂದನ್ನು ಮಾತ್ರ ತೆಗೆದು
ಟ್ರಾಮಿನ ಹಳದಿ ಹಚ್ಚಿದ;
ಈಗ ಇಡೀ ಕಡತದಲ್ಲಿ ಮೊದಲು ಕಾಣುವುದು
ತಿಳಿಯದು ಎಂದ ಅವಳ ಮಾತು.